ಗೋಣಿಚೀಲಗಳ ಬಾಹ್ಯಾಕಾಶ ನಿಲ್ದಾಣ

ನಮ್ಮ ಕನ್ನಡ ಶಾಲೆಗೆ ಬೀಗ ಜಡಿದವರು ನೀವು, ಅಧಿಕಾರಿಗಳೇ. ಆ ತಪ್ಪನ್ನು ಬರಗಾಲದ ತಲೆಗೆ ಕಟ್ಟಿದವರೂ ನೀವೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಕನಸಿನಂತಿದೆ. ಕನಸು ಕೇಳುತ್ತ ನೀವು ಜಾರಿಕೊಳ್ಳಬಾರದು.

ಖಾಲಿ ಗೋಣಿಚೀಲದ ವಾಸನೆ ಎಲ್ಲಿ ಬಂದರೂ ನಾನು ಮಹಾರಾಷ್ಟ್ರದ ಗಡಿಯೂರು ಔರಾದ ಶಹಾಜನಿಯಲ್ಲಿ ಅಜ್ಜನ ಕಾಳುಕಡಿಯ ಅಡತಿ ಅಂಗಡಿಯೊಳಗೆ ನಿಂತಿರುತ್ತೇನೆ. ನಾನು ಹುಡುಗನಾಗಿದ್ದಾಗ ಒಮ್ಮೆ ಸಾಲಾಗಿ ಎರಡು ಮಳೆಗಾಲ ಕೈಕೊಟ್ಟಿದ್ದವು. ತೊಗರಿ, ಉದ್ದುಗಳ ರಾಶಿಯಿಂದ ಉಸಿರು ಕಟ್ಟುತ್ತಿದ್ದ ಉಗ್ರಾಣ ಬರಿದಾಗಿ, ನಡೆದರೆ ನಮ್ಮ ಹೆಜ್ಜೆಯ ಸದ್ದು ನಮಗೇ ಮರಳಿ ಬರುತ್ತಿತ್ತು. ಪಕ್ಕದ ಹಳ್ಳಿಯ ಕನ್ನಡ ಶಾಲೆಯಲ್ಲಿ ನಮಗೆಲ್ಲ ವಿಜ್ಞಾನ ಕಲಿಸುತ್ತಿದ್ದ ನನ್ನ ಸೋದರತ್ತೆ ಸುವರ್ಣಾ, ಆ ಬೇಸಿಗೆಯಲ್ಲಿ ಆ ಬರಿದನ್ನೇ ಬಾಹ್ಯಾಕಾಶ ನಿಲ್ದಾಣ ಮಾಡಿದಳು. ಹಗ್ಗ ಕಟ್ಟಿ ಗೋಣಿಚೀಲ ಇಳಿಬಿಟ್ಟು ನಾಲ್ಕು ಕೋಣೆಗಳು, ಕೋಣೆಗೊಂದು ಒಗಟು, ಒಗಟು ಬಿಡಿಸಿದರೆ ಒಂದು ಅಂಕಿ. ನಾಲ್ಕೂ ಅಂಕಿ ಸಾಲಾಗಿ ಜೋಡಿಸಿದರೆ ಒಂದು ತಗಡಿನ ಪೆಟ್ಟಿಗೆಯ ಅಂಕಿಬೀಗ ತೆರೆಯಬೇಕಿತ್ತು. ನಿಯಮ ಒಂದೇ: ಎಲ್ಲರೂ ತಂಬಿಗೆ ತುಂಬ ನೀರು ಹಿಡಿದೇ ನಡೆಯಬೇಕು, ಹನಿಯೂ ಬೀಳಬಾರದು, ಏಕೆಂದರೆ ನಿಲ್ದಾಣದಲ್ಲಿ ಯಾವುದೂ ಕೆಳಗೆ ಬೀಳುವುದಿಲ್ಲ.

"ನೀರ ಚೆಲ್ಲಿದವರಿಗಿ ಭೂಮಿಗಿ ವಾಪಸ್ ಕಳಸ್ತೀನಿ," ಎಂದು ಅತ್ತೆ ಗದರಿದರೆ, ನನ್ನ ಚಿಕ್ಕಪ್ಪನ ಮಗಳು ಶಿವಲೀಲಾ, "ಬ್ಯಾಡತ್ತಿ, ಅಲ್ಲಿ ಟ್ಯಾಂಕರ್ ವಾರಕ್ಕೊಮ್ಮಿ ಬರ್ತದ!" ಎನ್ನುತ್ತಿದ್ದಳು.

ಅಜ್ಜ ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿರಲು ಬಾಗಿಲಲ್ಲಿ ನಿಂತು ನೋಡಿದ. "ನನ್ನ ಅಂಗಡಿ ಆಕಾಶಕ್ಕ ಹಾರ್ಸಿದಿಯಲ್ಲವ್ವ! ನಾಳಿ ತೊಗರಿ ಬಂದ್ರ ಎಲ್ಲಿ ಸುರೂಲಿ?"

"ಮದಲ ತೊಗರಿ ಬರ್ಲಿ ತಗೋಪಾ, ಇಳಿಸಿ ಕೊಡ್ತೀನಿ," ಎಂದಳು ಅತ್ತೆ.

'ತೂಕವೇ ಇಲ್ಲದ ಜಾಗ ಹುಡುಕಿ' ಎಂಬ ಚೀಟಿ ಸಿಕ್ಕಾಗ ನಾವು ವ್ಯಾಪಾರಸ್ಥರ ಮಕ್ಕಳು ನೇರ ಅಜ್ಜನ ತಕ್ಕಡಿಗೆ ಓಡಿದೆವು. ಅಜ್ಜನಿಗೆ ನಿಜಕ್ಕೂ ಸಿಟ್ಟು ಬಂತು: "ನನ್ನ ತಕ್ಕಡ್ಯಾಗ ತೂಕ ಇಲ್ಲಂದ್ರ ಪ್ಯಾಟ್ಯಾಗ ನಾ ಮಾರಿ ಹ್ಯಾಂಗ ತೋರಸ್ಲಿ?" ಅಂಕಿ ಇದ್ದದ್ದು ನೀರಿನ ಹರವಿಯಲ್ಲಿ ತೇಲುತ್ತಿದ್ದ ಸೋರೆಬುರುಡೆಯ ಬೆನ್ನ ಮೇಲೆ. ಕೊನೆಯ ಕೋಣೆಯಲ್ಲಿ ಸೂರ್ಯರನ್ನು ಎಣಿಸಬೇಕಿತ್ತು. ತಂಬಿಗೆಗಳನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಮಲಗಿದೆವು. ತಗಡಿನ ಚಾವಣಿಯ ತೂತುಗಳಿಂದ ಇಳಿದ ಏಳು ಬಿಸಿಲುಬಿಲ್ಲೆಗಳು ನಮ್ಮ ಹೊಟ್ಟೆಯ ಮೇಲೆ ಮೆಲ್ಲಗೆ ತೆವಳಿದವು. ಹಳೆಯ ಬೇಳೆಯ ಧೂಳು ಗ್ರಹಗಳಂತೆ ತಿರುಗುತ್ತಿತ್ತು. ಬಾಯಾರಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಪೆಟ್ಟಿಗೆಯನ್ನು ಮಾತ್ರ ಅತ್ತೆ ಶಾಲೆಯ ಕಪಾಟಿನಲ್ಲಿ ಇಟ್ಟುಬಂದಿದ್ದಳು. ನೀರಿಲ್ಲದೆ ನಮ್ಮ ಸಹಪಾಠಿಗಳು ಅನೇಕರು ತಾಯಿಯೊಂದಿಗೆ ಬಾವಿಯಲ್ಲಿ ನೀರಿದ್ದ ನೆಂಟರ ಊರುಗಳಿಗೆ ಹೋಗಿದ್ದರು. "ಹೋದ ಹುಡುಗೂರು ಬರ್ಲಿ. ಜೂನ್‌ದಾಗ ಎಲ್ಲಾರೂ ಕೂಡಿ ತೆಗೀರಿ," ಎಂದಳು.

ಜೂನ್ ಬಂತು, ಮಕ್ಕಳು ಬಂದರು. ಶಾಲೆಯ ಬಾಗಿಲಿಗೆ ಬೀಗ, ಬೀಗದ ಮೇಲೆ ಅರಗಿನ ಮುದ್ರೆ. ಬರಗಾಲದಿಂದ ಮಕ್ಕಳ ಸಂಖ್ಯೆ ಸಾಲದಾಗಿದೆ ಎಂದು ಆದೇಶ. ಎಣಿಕೆ ನಡೆದದ್ದು ಅವರು ಊರಲ್ಲಿಲ್ಲದ ವಾರಗಳಲ್ಲಿ. ಕಿಟಕಿಯ ಸರಳುಗಳ ನಡುವೆ ಇಣುಕಿದರೆ ಕಪಾಟಿನ ಗಾಜಿನ ಹಿಂದೆ ಪೆಟ್ಟಿಗೆ ಕಾಣುತ್ತಿತ್ತು. ಅತ್ತೆಯನ್ನು ದೂರದ ಊರಿಗೆ ವರ್ಗ ಮಾಡಿದಿರಿ. ಮೂರನೆಯ ವರ್ಷ ಕಾಯಿಲೆ ಬಿದ್ದು ಹಾಸಿಗೆ ಹಿಡಿದವಳನ್ನು, ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದೆ. "ಹೇಳಿದ್ರ ಆಟ ಮುಗೀತದಲ್ಲೋ ಹುಚ್ಚಾ," ಎಂದು ನಕ್ಕಳು. ಆ ನಗೆಯ ನಂತರ ಅವಳು ಹೆಚ್ಚು ದಿನ ಉಳಿಯಲಿಲ್ಲ. ಅಜ್ಜನೂ ಹೋದ. ಅಂಗಡಿಯ ಮೇಲೆ ಈಗ ಸಿಮೆಂಟಿನ ಚಾವಣಿ. ಒಂದು ಸೂರ್ಯನೂ ಒಳಗೆ ಇಳಿಯುವುದಿಲ್ಲ.

ಆದ್ದರಿಂದ, ಆದೇಶಕ್ಕೆ ಸಹಿ ಮಾಡಿದ ಅಧಿಕಾರಿಗಳಲ್ಲಿ ವಿನಂತಿ: ಮಕ್ಕಳು ಊರಲ್ಲಿಲ್ಲದಾಗಲೇ ಎಣಿಸಿದ್ದು ಏಕೆ ಎಂಬುದಕ್ಕೆ ಕನ್ನಡದಲ್ಲಿ ಲಿಖಿತ ಉತ್ತರ ಕೊಡಿ. ಶಾಲೆಯನ್ನು ಮತ್ತೆ ನಡೆಸಿ. ಆ ಕಪಾಟಿರುವ ಶಾಲಾಕೋಣೆಯನ್ನು ನಮ್ಮೆಲ್ಲರ ಎದುರು ತೆರೆಯಿರಿ. ಅಂದು ಊರು ಬಿಟ್ಟವರನ್ನೂ ಕರೆದುಕೊಂಡು ಬರುತ್ತೇನೆ. ಬಾಗಿಲಿನ ಬೀಗ ನಿಮ್ಮದು, ಬೇಕಾದರೆ ಒಡೆಯಿರಿ. ಪೆಟ್ಟಿಗೆಯದನ್ನು ಮಾತ್ರ ಮುಟ್ಟಬೇಡಿ. ಅದರ ನಾಲ್ಕೂ ಅಂಕಿ ನಮಗೆ ಇಂದಿಗೂ ಬಾಯಿಪಾಠವಾಗಿವೆ.