ಕಂಬಕ್ಕೆ ಕುಂಕುಮ, ಬುಡಕ್ಕೆ ಉಳಿ

ಎನ್.ಆರ್. ಕಾಲೋನಿಯಲ್ಲಿ ನಮ್ಮ ಹೊಸ ಮನೆ ಎದ್ದ ಮೇಲೆ ನೋಡಲು ಬಂದವರೆಲ್ಲ ಕೇಳುವುದು ಒಂದೇ: "ಯಾರ್ರೀ ಕಟ್ಟಿದ್ದು?" ನಮ್ಮ ಮಾವ ದೊಡ್ಡಬೈರಪ್ಪನವರು ಮೀಸೆ ಸವರಿಕೊಂಡು ಮೊದಲು ತಮ್ಮ ಹೆಸರು ಹೇಳುತ್ತಾರೆ, ಆಮೇಲೆ ಮೇಸ್ತ್ರಿ ಶೀನಣ್ಣನದು, ಆಮೇಲೆ ವಾಸ್ತು ನೋಡಿದವರದು. ವಿಶಾಖಾ ಹೆಸರು ಮಾತ್ರ ಅವರ ಬಾಯಿಗೆ ಬರುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ. ನಾನು ಬಿಂದು, ಆ ಮನೆಯ ಸೊಸೆ. ನನಗೆ ಸಿಟ್ಟು ಬಂದರೆ ಇಳಿಯುವುದು ನಿಧಾನ. ಇದಂತೂ ಇನ್ನೂ ಇಳಿದಿಲ್ಲ.

ವಿಶಾಖಾ ಸ್ಟ್ರಕ್ಚರಲ್ ಇಂಜಿನಿಯರ್. ಮನೆ ಚೆಂದ ಕಾಣುವಂತೆ ಮಾಡುವುದು ಬೇರೆಯವರ ಕೆಲಸ, ಬೀಳದಂತೆ ಮಾಡುವುದು ಇವರದು. ಚಾಮರಾಜಪೇಟೆಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ ಸಣ್ಣ ಆಫೀಸು. ಹುಟ್ಟಿ ಬೆಳೆದದ್ದು ಓಕಳಿಪುರಂನಲ್ಲಿ, ರೈಲು ಹಳಿಗೆ ಬೆನ್ನು ಮಾಡಿದ ಮನೆಯಲ್ಲಿ. ಗೂಡ್ಸ್ ಗಾಡಿ ಹೋದಾಗಲೆಲ್ಲ ಶೆಲ್ಫಿನ ಲೋಟಗಳು ಗಲಗಲ ಎನ್ನುತ್ತಿದ್ದವಂತೆ. ಸರ್ಕಾರಿ ನೌಕರರಾಗಿದ್ದ ಅಪ್ಪ ಮುತ್ತುರಾಜ್ ಪ್ರತಿ ಸಲ ಸುಣ್ಣ ಬಳಿಯುವಾಗ ಅದೇ ಗೋಡೆಯ ಅದೇ ಬಿರುಕಿಗೆ ಸಿಮೆಂಟು ಮೆತ್ತುತ್ತಿದ್ದರು, ಬಿರುಕು ಮತ್ತೆ ಬಾಯಿ ಬಿಡುತ್ತಿತ್ತು. "ಅಪ್ಪ, ಮೆತ್ತಿದ್ರೆ ಆಗಲ್ಲ, ಯಾಕೆ ಬಿಡುತ್ತೆ ನೋಡ್ಬೇಕು" ಎಂದು ವಿಶಾಖಾ ಶಾಲೆಗೆ ಹೋಗುವಾಗಲೇ ಜಗಳ ತೆಗೆದಿದ್ದರಂತೆ. ಆ ಜಗಳವೇ ಅವರ ಕಸುಬಾಯಿತು.

ವಿಶಾಖಾ ನಕ್ಷೆ ಹಿಡಿದು ನಮ್ಮ ಮನೆಗೆ ಬಂದ ಮೊದಲ ದಿನ ಮಾವ ಅದನ್ನು ನೋಡಲಿಲ್ಲ. "ಓಕಳಿಪುರಂ ಅಂದ್ರೆ ಯಾವ ಕಡೆಯಮ್ಮ? ಮನೇಲಿ ಯಾವ ದೇವರು ಮಾಡ್ತೀರಿ?" ಎಂದು ಕೇಳಿದರು.

"ಬುದ್ಧನ ಫೋಟೋ ಇದೆ ಸಾರ್."

"ಓಹೋ" ಎಂದರು ಮಾವ. ಆಮೇಲೆ ನಮಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ, ಅವರಿಗೆ ಪೇಪರ್ ಕಪ್ಪಿನಲ್ಲಿ. ನಮ್ಮ ಮನೆಯಲ್ಲಿ ಪೇಪರ್ ಕಪ್ಪೇ ಇರಲಿಲ್ಲ, ಅಂಗಡಿಯಿಂದ ತರಿಸಿದರು. ಇಂಥದ್ದಕ್ಕೆ ಮಾತ್ರ ನಮ್ಮ ಜನ ಎಷ್ಟು ಚುರುಕು! ವಿಶಾಖಾ ಆ ಕಪ್ಪನ್ನು ಮುಟ್ಟದೆ ನಕ್ಷೆ ಬಿಚ್ಚಿದರು.

ಹಳೆಯ ಮನೆ ಕೆಡವಿ, ಕೆಳಗೆ ಕಾರು ನಿಲ್ಲಿಸಲು ಜಾಗ, ಮೇಲೆ ಮೂರು ಮಹಡಿ ಎಂದು ತೀರ್ಮಾನವಾಗಿತ್ತು. ಪಾಯದಿಂದ ಕಂಬದ ಕಂಬಿಗಳು ಎದ್ದು ನಿಂತ ಹೊತ್ತಿಗೆ ವಾಸ್ತುವಿನವರು ಬಂದು, ಒಂದು ಕಂಬ ಗೇಟಿಗೆ ನೇರ ಎದುರಾಗಿದೆ, ಯಜಮಾನನಿಗೆ ಆಗಿಬರುವುದಿಲ್ಲ ಎಂದುಬಿಟ್ಟರು. ಮಾವನಿಗೆ ಅಷ್ಟೇ ಸಾಕಾಯಿತು.

"ಅದೊಂದು ಕಂಬ ಕೆಳಗಡೆ ತೆಗೆದುಬಿಡಮ್ಮ. ಮೊದಲನೇ ಮಹಡಿಯಿಂದ ಅಡ್ಡ ಬೀಮ್ ಮೇಲೆ ನಿಲ್ಲಿಸ್ಕೋ. ಕಾರೂ ಸಲೀಸಾಗಿ ತಿರುಗುತ್ತೆ."

"ಆಗಲ್ಲ ಸಾರ್. ಬಸ್ಸಲ್ಲಿ ನಿಂತಿರ್ತೀರಿ, ಡ್ರೈವರ್ ಗಾಡಿನ ಜರ್ರಂತ ಎಳೀತಾನೆ. ಕಾಲು ಬಸ್ ಜೊತೆ ಹೋಗುತ್ತೆ, ಮೈ ಹಿಂದೆ ಉಳಿಯುತ್ತೆ. ಭೂಕಂಪನೂ ಹಂಗೇನೆ. ನೆಲ ಪಕ್ಕಕ್ಕೆ ಸರಿಯುತ್ತೆ, ಮೂರು ಮಹಡಿ ಭಾರ ಇದ್ದಲ್ಲೇ ಇರೋಕೆ ನೋಡುತ್ತೆ. ಮಧ್ಯ ಸಿಕ್ಕಾಕ್ಕೊಂಡು ಬಾಗೋದು ಈ ಕಂಬಗಳು. ಕೆಳಗೆ ಗೋಡೆ ಬೇರೆ ಇಲ್ಲ, ಪೂರ್ತಿ ಏಟು ಇವಕ್ಕೇ. ಬೀಮ್ ಬಿರುಕು ಬಿಟ್ರೆ ಜೋತಾಡ್ಕೊಂಡಾದ್ರೂ ನಿಲ್ಲುತ್ತೆ, ಜನ ಆಚೆ ಓಡ್ಬೋದು. ಕಂಬ ಹೋದ್ರೆ ಮನೆ ಕೂತ್ಬಿಡುತ್ತೆ. ಅದಕ್ಕೇ ಕಂಬ ಯಾವತ್ತೂ ಬೀಮಿಗಿಂತ ಗಟ್ಟಿ ಇರ್ಬೇಕು. ನೀವು ಕಂಬಾನೇ ತೆಗಿ ಅಂತೀರಿ."

"ಬೆಂಗಳೂರಿಗೆ ಭೂಕಂಪ ಎಲ್ಲಿಂದ ಬರುತ್ತಮ್ಮ? ಬಂಡೆ ಮೇಲೆ ಕೂತಿದೆ ಊರು."

"ಬರೋದು ಕಮ್ಮಿ ಸಾರ್. ಬರೋದೇ ಇಲ್ಲ ಅಂತ ಯಾರೂ ಬರ್ಕೊಟ್ಟಿಲ್ಲ."

"ಬೇರೆ ಇಂಜಿನಿಯರ್ ಸಿಗಲ್ವಾ ನನಗೆ?"

"ಸಿಗ್ತಾರೆ ಸಾರ್. ಕಂಬ ಸಿಗಲ್ಲ."

ಮಾವನ ಕಿವಿ ಕೆಂಪಾಯಿತು. ಆ ಕಂಬದ ನೇರ ಮೇಲೆ ಬರುವುದು ನನ್ನ ಮಗಳು ಪೂಜಿತಾ ಮಲಗುವ ಕೋಣೆ. ಗಂಡ ಶಶಿಕುಮಾರ್ ಕಡೆ ನೋಡಿದೆ. ಅವರು ಮೊಬೈಲು ನೋಡುತ್ತಿದ್ದರು.

ಬಾಯಿ ಬಿಟ್ಟವರು ಮಾವನ ತಾಯಿ ಮುನಿಯಮ್ಮಜ್ಜಿ. ಮರಳ ಗುಡ್ಡೆಯ ಪಕ್ಕ ಕುರ್ಚಿ ಹಾಕಿಕೊಂಡು ಎಲ್ಲ ಕೇಳಿಸಿಕೊಂಡಿದ್ದರು. "ಲೋ ಬೈರ, ನಿನ್ನ ಮದುವೇಲಿ ಹಾಲುಗಂಬಕ್ಕೆ ಪೂಜೆ ಮಾಡ್ದೆ ಚಪ್ಪರ ಎಬ್ಬಿಸಿದ್ವೇನೋ? ನಾಕು ದಿನದ ಚಪ್ಪರಕ್ಕೇ ಕಂಬ ದೇವರು ಕಣೋ. ಮನೆ ಕಂಬ ಕಡೀತೀಯಾ?"

ನಮ್ಮಲ್ಲಿ ಮದುವೆ ಚಪ್ಪರಕ್ಕೆ ಮೊದಲು ನೆಡುವುದು ಹಾಲು ಸುರಿಸುವ ಮರದ ಕೊಂಬೆ. ಅದಕ್ಕೆ ಅರಿಶಿನ ಕುಂಕುಮ ಇಟ್ಟ ಮೇಲೆ ಅದನ್ನು ಅಲುಗಿಸುವ ಧೈರ್ಯ ಯಾರಿಗೂ ಇಲ್ಲ. ಅಜ್ಜಿ ಮರುದಿನ ಬಟ್ಟಲು ಹಿಡಿದು ಬಂದು ಆ ಕಂಬದ ಕಂಬಿಗಳಿಗೂ ಕುಂಕುಮ ಇಟ್ಟೇಬಿಟ್ಟರು. ಕಂಬ ಉಳಿಯಿತು. ಓದಿದ ಹೆಣ್ಣುಮಗಳ ಮಾತಿಗೆ ಕಾಸಿನ ಕಿಮ್ಮತ್ತಿಲ್ಲ, ಚಿಟಿಕೆ ಕುಂಕುಮಕ್ಕೆ ಎಲ್ಲರೂ ಕೈ ಮುಗಿದರು! ನಾನು ಕುದಿಯುತ್ತಿದ್ದರೆ ವಿಶಾಖಾ, "ಹೆಂಗೋ ಉಳೀತಲ್ಲ ಬಿಡಿ ಅಕ್ಕ" ಎಂದರು.

ಕಾಂಕ್ರೀಟ್ ಹಾಕುವ ಮೊದಲು ಶೀನಣ್ಣನ ಪಕ್ಕ ನಿಂತು, ಕಂಬದ ಬುಡದಲ್ಲೂ ತಲೆಯಲ್ಲೂ ರಿಂಗುಗಳನ್ನು ಬಿಚ್ಚಿಸಿ ಒತ್ತೊತ್ತಾಗಿ ಕಟ್ಟಿಸಿದರು. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಬಳೆಗಳವು. "ಜಾಸ್ತಿ ಬಾಗೋದು ಇಲ್ಲೇ ಅಕ್ಕ. ಬಾಗಿದಾಗ ಒಳಗಿನ ಕಾಂಕ್ರೀಟು ಸಿಡಿಯೋಕೆ ನೋಡುತ್ತೆ. ಸೌದೆ ಹೊರೆಗೆ ಹಗ್ಗ ಇದ್ದಂಗೆ ಇವು" ಎಂದು ನನಗೆ ತೋರಿಸಿದರು.

ಗೃಹಪ್ರವೇಶಕ್ಕೆ ಅವರನ್ನು ಕರೆದವಳು ನಾನು. ಕೃಷ್ಣರಾಜ ಮಾರುಕಟ್ಟೆಯಿಂದ ತಂದ ಸೇವಂತಿಗೆಯನ್ನು ಕಂಬಗಳಿಗೆಲ್ಲ ಸುತ್ತಿದ್ದರು. ವಿಶಾಖಾ ಗೇಟು ದಾಟಿದವರು ಆ ಕಂಬದ ಮುಂದೆ ಹಾಗೇ ನಿಂತುಬಿಟ್ಟರು. ಕಂಬದ ಬುಡದಲ್ಲಿ, ಮೊಣಕಾಲೆತ್ತರಕ್ಕೆ, ಒಂದು ದೀಪದ ಗೂಡು. ಉಳಿ ಸುತ್ತಿಗೆಯಿಂದ ಕೊರೆದು ಒಳಗೆ ಹಣತೆ ಇಟ್ಟಿದ್ದರು. ಹಣತೆಯ ಹಿಂದೆ ಕತ್ತರಿಸಿದ ರಿಂಗುಗಳ ತುದಿಗಳು ಕಾಣುತ್ತಿದ್ದವು.

"ಯಾರು ಸಾರ್ ಇದನ್ನ ಕೊರೆದಿದ್ದು?"

"ಅಮ್ಮ ಕೂತ್ಕೊಂಡು ದೀಪ ಹಚ್ಚೋಕೆ ಅನುಕೂಲ ಆಗ್ಲಿ ಅಂತ ನಾನೇ ಮಾಡಿಸ್ದೆ" ಎಂದರು ಮಾವ, ಹೆಮ್ಮೆಯಿಂದ.

"ಹೊರೆ ಹಗ್ಗಾನೇ ಕುಯ್ದಿದೀರಲ್ಲ ಸಾರ್!"

"ಶುಭದಿನ ಅಪಶಕುನ ನುಡೀಬೇಡಮ್ಮ. ಇವತ್ತೇನು ಬಿದ್ದೋಗುತ್ತಾ?"

"ಇವತ್ತು ಬೀಳಲ್ಲ. ಇವತ್ತು ಬೀಳೋಂಗಿದ್ರೆ ನೀವೂ ನಂಬ್ತಿದ್ರಿ. ನೆಲ ಅಲ್ಲಾಡೋ ದಿನ ಬೀಳುತ್ತೆ. ಹೇಳೋಕೆ ಅವತ್ತು ನಾನು ಬರಲ್ಲ." ಅಜ್ಜಿಯ ಕಡೆ ತಿರುಗಿದರು. "ಅಜ್ಜಿ, ಹಾಲುಗಂಬಕ್ಕೆ ಯಾರಾದ್ರೂ ಮಚ್ಚಲ್ಲಿ ಕಚ್ಚು ಹಾಕ್ತಾರಾ?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನೆಂಟರು ಹಪ್ಪಳ ಮುರಿಯುವುದನ್ನು ನಿಲ್ಲಿಸಲಿಲ್ಲ. ವಿಶಾಖಾರನ್ನು ಊಟಕ್ಕೆ ಏಳಿಸಿದವರಿಲ್ಲ, ಹೊರಟಾಗ ತಾಂಬೂಲ ಕೊಟ್ಟವರೂ ಇಲ್ಲ. ಬಂದ ಹೆಂಗಸರಿಗೆಲ್ಲ ಎಲೆ ಅಡಿಕೆ ತೆಂಗಿನಕಾಯಿ ಕೊಡುತ್ತಿದ್ದ ನಮ್ಮ ಅತ್ತೆ ಅವರ ಸರದಿ ಬಂದಾಗ ಬೇಕೆಂದೇ ಒಳಗೆ ಹೋದರು. ಕಾಂಕ್ರೀಟು ಕಂಬಕ್ಕೆ ಸಿಕ್ಕ ಮರ್ಯಾದೆ ಅದನ್ನು ನಿಲ್ಲಿಸಿದವರಿಗೆ ಸಿಗಲಿಲ್ಲ. ನಾನು ತಟ್ಟೆ ಹಿಡಿದು ಗೇಟಿಗೆ ಓಡಿದೆ.

"ತಾಂಬೂಲ ಇರ್ಲಿ ಅಕ್ಕ" ಎಂದರು. "ಆ ಕಂಬ ಸರಿ ಮಾಡ್ಸಿ. ಅವತ್ತು ಬಂದು ತಗೋತೀನಿ."

ಗೃಹಪ್ರವೇಶದ ದಿನ ಮನೆಯವರು ಹೊಸ ಮನೆಯಲ್ಲೇ ಮಲಗಬೇಕು, ಅದು ಎಲ್ಲರ ಮನೆಯ ಕಟ್ಟುಪಾಡು. ಸಂಜೆ ಎಲ್ಲ ನೆಂಟರ ಮುಂದೆ ನಾನು ಬ್ಯಾಗು ತಂದಿಟ್ಟೆ. "ಮಾವ, ನಾನೂ ಪೂಜಿತಾನೂ ಚಾಮರಾಜಪೇಟೆಗೆ ಅಮ್ಮನ ಮನೆಗೆ ಹೋಗ್ತಿದೀವಿ. ಕಂಬ ಸರಿಯಾದ ದಿನ ಬರ್ತೀವಿ." ಅತ್ತೆ ಹಣೆ ಚಚ್ಚಿಕೊಂಡರು. ಶಶಿ ಮೊದಲು "ಇವತ್ತೊಂದು ದಿನ ಸುಮ್ನಿರೆ" ಎಂದರು. ಆಮೇಲೆ ಹೋಗಿ ಆ ಗೂಡಿಗೆ ಕೈ ಹಾಕಿ ನೋಡಿದರು, ಬಂದು ಮಗಳ ಚಪ್ಪಲಿ ಹುಡುಕತೊಡಗಿದರು.

ಗೃಹಪ್ರವೇಶದ ದಿನವೇ ಸೊಸೆ ಮನೆ ಬಿಟ್ಟಳು ಎಂಬ ಸುದ್ದಿ ಬಸವನಗುಡಿಯೆಲ್ಲ ಸುತ್ತಿತು. ಭೂಕಂಪಕ್ಕೆ ಹೆದರದ ಮನುಷ್ಯ ನೆಂಟರ ಬಾಯಿಗೆ ಹೆದರಿದರು. ವಿಶಾಖಾಗೆ ಮಾವನೇ ಫೋನ್ ಮಾಡಿದರು.

ಬೀಮಿಗೆ ಕಬ್ಬಿಣದ ಊರುಗೋಲು ಕೊಟ್ಟು, ಕಂಬದ ಸುತ್ತ ಹೊಸ ಕಂಬಿ, ಹೊಸ ರಿಂಗು ಕಟ್ಟಿ ಕಾಂಕ್ರೀಟಿನ ಕವಚ ಹಾಕಿದರು. ಕಂಬ ಈಗ ಮೊದಲಿಗಿಂತ ದಪ್ಪ, ಮಾವನ ಕಾರು ತಿರುಗುವುದು ಇನ್ನೂ ಕಷ್ಟ. ಸಂತೋಷ! ದೀಪ ಅಜ್ಜಿಯ ಮಣೆಯ ಪಕ್ಕ ನೆಲದ ಮೇಲೆ ಉರಿಯುತ್ತದೆ.

ಕೆಲಸ ಮುಗಿದ ದಿನ ವಿಶಾಖಾ ಕಂಬವನ್ನು ಸುತ್ತಲೂ ತಟ್ಟಿ ನೋಡಿ ಕೈ ಒರೆಸಿಕೊಂಡರು. ನಾನು ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟೆ. ಮಾವ ನೋಡಿದರು, ನಾನೂ ಅವರನ್ನೇ ನೋಡಿದೆ, ಅವರು ನ್ಯೂಸ್‌ ಪೇಪರ್ ಬಿಡಿಸಿಕೊಂಡರು. ಅಷ್ಟರಲ್ಲಿ ಅಜ್ಜಿ ತಾಂಬೂಲದ ತಟ್ಟೆ ಹಿಡಿದು ಬಂದವರು, ರೂಢಿಯಂತೆ ನೇರ ಕಂಬದ ಕಡೆಗೆ ನಡೆದರು.

ನಾನು ಅವರ ಕೈ ಹಿಡಿದೆ. "ಅಜ್ಜಿ, ಮೊದಲು ಇವರಿಗೆ."

ಅಜ್ಜಿ ಕಂಬವನ್ನು ನೋಡಿದರು, ವಿಶಾಖಾರನ್ನು ನೋಡಿದರು.

"ಹೌದಲ್ವಾ. ಕಂಬ ಎಲ್ಲಿಗೋಗುತ್ತೆ" ಎಂದು ತಟ್ಟೆಯನ್ನು ಅವರ ಕಡೆ ತಿರುಗಿಸಿದರು.