ಲಾಡಿ ಕೊರಳಲ್ಲಿದ್ದಾಗ

ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯ ಅಣ್ಣನ ಮುಷ್ಟಿಗೆ ಸಿಂಧನೂರಿನ ಪುಂಡರೂ ಹೆದರುತ್ತಿದ್ದರು. ಕೋಲು, ಚಾಕು ಹಿಡಿದವನಲ್ಲ. ಬರಿಗೈ ಹೊಡೆದಾಟಕ್ಕೇ ಹೆಸರಾದವನು. ಹೋದ ಮೊಹರಂನಲ್ಲಿ, ಮಗಳ ಹೆರಿಗೆ ಸುಸೂತ್ರವಾಗಲೆಂದು ಹರಕೆ ಹೊತ್ತು ಹಬ್ಬ ಮುಗಿಯುವತನಕ ಫಕೀರನಾದ. ಕೊರಳಲ್ಲಿ ಲಾಡಿ ಎಂಬ ಕೆಂಪು ದಾರ ಇರುವಷ್ಟು ದಿನ ಯಾರ ಮೇಲೂ ಕೈ ಎತ್ತುವಂತಿಲ್ಲ. ಎತ್ತಿದರೆ ಹರಕೆ ಮುರಿದಂತೆ.

ಇದನ್ನು ತಿಳಿದೇ ಲಿಂಗಸುಗೂರಿನ ಅವನ ಹಳೆಯ ಎದುರಾಳಿ ಬಸ್ಸಿಳಿದು ಬಂದ. ನಾನು ಕಟ್ಟೆಯ ಮೇಲೆ ಕೂತು ಹಬ್ಬದ ಸಿಹಿ ಚೊಂಗೆಗೆ ಹಿಟ್ಟು ನಾದುತ್ತಿದ್ದೆ.

"ಏನಲೇ, ದಾರದ ಹಿಂದ ಅಡಗಿ ಕುಂತೀಯೇನು?" ಎಂದವನೇ ಅಣ್ಣನ ಕೆನ್ನೆಗೆ ಬಾರಿಸಿದ.

ಓಣಿಯೆಲ್ಲ ನೋಡುತ್ತಿತ್ತು. ಅಣ್ಣನ ಕೊರಳ ನರ ಉಬ್ಬಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಈಗ ಬ್ಯಾಡ ತಮ್ಮಾ. ದೇವರು ಹೊಳಿಗೆ ಹೋದ ಮ್ಯಾಲೆ ನಾನಽ ಬರ್ತೀನಿ" ಅಂದ.

ಲಾಡಿ ಬಿಚ್ಚುವ ಮೊದಲೇ ಮಗಳು ಹೆತ್ತಳು. ತಾಯಿ, ಕೂಸು ಇಬ್ಬರೂ ಆರಾಮವಾಗಿದ್ದರು. ಮೊಹರಂ ದೇವರನ್ನು ಹೊಳೆಗೆ ಕಳಿಸಿ ಲಾಡಿ ಬಿಚ್ಚಿದ ಮರುದಿನ ಅಣ್ಣ ನಮ್ಮ ಬಾಗಿಲಿಗೆ ಬಂದ.

"ತಂಗೀ, ಚೊಂಗೆ ಉಳದಾವೇನು? ಲಿಂಗಸುಗೂರಿಗೆ ಹೊಂಟೀನಿ."

ಡಬ್ಬಿ ತುಂಬಿಸಿಕೊಟ್ಟೆ. ಸಂಜೆ ವಾಪಸ್ ಬಂದಾಗ ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ.

"ಹೊಡದಿಯೇನಣ್ಣಾ?"

"ಹೊಡದೆ. ಅವನ ಓಣ್ಯಾಗಽ, ಎಲ್ಲಾರ ಮುಂದ, ಒಂದಽ ಏಟು. ಅವನೂ ಒಂದಽ ಹೊಡದಿದ್ದನಲ್ಲ. ಆಮ್ಯಾಲೆ ಅಜ್ಜ ಆಗೀನಿ ಅಂತ ಹೇಳಿ ಚೊಂಗೆ ಕೊಟ್ಟೆ."

"ತಿಂದನಾ?"

ಅಣ್ಣ ಖಾಲಿ ಡಬ್ಬಿ ನನ್ನ ಕೈಗಿಟ್ಟ. "ತಿಂದ. ಬಲಗಡಿ ದವಡೀಲೆ ಅಷ್ಟಽ, ನಿಧಾನಕ."