ಸೋರೆಬುರುಡೆಯಲ್ಲಿ ಸಕ್ಕರೆ

ಧಾರವಾಡದ ಡಾಕ್ಟರ್ ಮೈತ್ರೇಯಿ ಮೂವತ್ತೊಂದು ವರ್ಷ ಲಂಡನ್ನಿನ ಆಸ್ಪತ್ರೆಗಳಲ್ಲಿ ಜನರಿಗೆ ಅರಿವಳಿಕೆ ಕೊಟ್ಟು ನಿವೃತ್ತರಾದರು. ಸುಮ್ಮನೆ ಕೂರುವ ಜೀವವಲ್ಲ. ಕ್ರೋಯ್ಡನ್ನಿನ ಫ್ಲಾಟಿನಿಂದ ಟ್ರಾಮ್ ಹಿಡಿದು ಪ್ರತಿ ಗುರುವಾರ ಒಂದು ಪುಟ್ಟ ಮ್ಯೂಸಿಯಮ್ಮಿಗೆ ಧೂಳು ಒರೆಸಲು ಹೋಗತೊಡಗಿದರು, ಅದೂ ಬಿಟ್ಟಿಯಾಗಿ. "ನಮ್ಮನಿ ಟೀವಿ ಮ್ಯಾಲಿನ ಧೂಳು ಕಾಣಂಗಿಲ್ಲೇನ ನಿನಗ?" ಎಂದು ಗಂಡ ಮುಕುಂದರಾಯರು ಕಾಡುತ್ತಿದ್ದರು.

ಆ ಮ್ಯೂಸಿಯಂ ಒಂದು ಕಾಲಕ್ಕೆ ಎಡಿತ್ ಹಾರ್‌ಗ್ರೋವ್ ಎಂಬಾಕೆಯ ಮನೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಒಬ್ಬಳೇ ಆಫ್ರಿಕಾದ ನದಿಗಳನ್ನು ದೋಣಿಯಲ್ಲಿ ಸುತ್ತಿ ಬಂದ ಗಟ್ಟಿಗಿತ್ತಿ. ಅವಳ ಹೆಸರಿನ ರಸ್ತೆಯಿದೆ, ಶಾಲೆಯಿದೆ. ಗಾಜಿನ ಪೆಟ್ಟಿಗೆಯಲ್ಲಿ ಅವಳು ತಂದ ಸೋರೆಬುರುಡೆಯಿದೆ. ಪಕ್ಕದ ದಿನಚರಿಯಲ್ಲಿ ಅವಳೇ ಬರೆದಿದ್ದಾಳೆ: ಜ್ವರ ಬಂದು ಮಲಗಿದ್ದಾಗ ಹಳ್ಳಿಯ ಮುದುಕಿಯೊಬ್ಬಳು ಇದರಲ್ಲಿ ಗಂಜಿ ತಂದುಕೊಟ್ಟಳು. 'ಬುರುಡೆ ನಾಳೆ ತಂದುಕೊಡುತ್ತೇನೆ' ಎಂದೆ. ಬೆಳಗಾಗುವ ಮೊದಲೇ ದೋಣಿ ಹೊರಟಿತು. ಎಡಿತಳ ಕೊನೆಯ ವರ್ಷಗಳ ಪುಟಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ: 'ಇವತ್ತೂ ಬಾಗಿಲಿಗೆ ಬಂದಿದ್ದಳು.' ಮ್ಯೂಸಿಯಮ್ಮಿನವರು ಇದನ್ನು ಮುಪ್ಪಿನ ಭ್ರಮೆ ಅನ್ನುತ್ತಾರೆ.

ಮೈತ್ರೇಯಿಯವರಿಗೆ ಆ ಬುರುಡೆ ಕಂಡರೆ ಹೊಟ್ಟೆ ಉರಿಯುತ್ತಿತ್ತು. ಪಕ್ಕದ ಮನೆಯ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಿದರೆ ಅವರ ಅಜ್ಜಿ ಬೈಯುತ್ತಿದ್ದಳು, ಚೂರು ಸಕ್ಕರೆಯಾದರೂ ಹಾಕಿ ಕೊಡಬೇಕು. ಈ ಮಹಾತಾಯಿ ಬಟ್ಟಲನ್ನೇ ನುಂಗಿದ್ದಳಲ್ಲ! ಮಾರ್ಚ್ ತಿಂಗಳ ಒಂದು ಗುರುವಾರ ಪೆಟ್ಟಿಗೆ ತೆರೆದು ಒರೆಸುವಾಗ ಅವರಿಗೆ ತಡೆಯಲಾಗಲಿಲ್ಲ. ಚಹಾಕ್ಕೆಂದು ಇಟ್ಟುಕೊಂಡಿದ್ದ ಸಕ್ಕರೆ ಪೊಟ್ಟಣ ಹರಿದು ಬುರುಡೆಯೊಳಗೆ ಸುರಿದೇಬಿಟ್ಟರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ಪಾತ್ರೆಗೆ ಸಕ್ಕರೆ ಹಾಕುವವರು ಅದನ್ನು ಎರವಲು ತಂದವರು, ಹಾಕಿದ ಮೇಲೆ ಹಿಂದಿರುಗಿಸುವ ಹೊಣೆಯೂ ಅವರದೇ ಎಂಬುದು ಆಗ ಅವರಿಗೆ ಹೊಳೆಯಲಿಲ್ಲ.

ಮುಂದಿನ ಗುರುವಾರ ಬುರುಡೆಯಲ್ಲಿ ಒಂದು ಹರಳೂ ಇರಲಿಲ್ಲ. ಮನೆಗೆ ಬಂದರೆ ಮುಕುಂದರಾಯರ ಮುಖ ಬಿಳಿಚಿತ್ತು.

"ಯಾರೋ ಮುದುಕಿ ಬಂದಿದ್ಲು. ಬಾಗಲದಾಗ ಕೈ ಚಾಚಿ ನಿಂತ್ಲು, ಮಾತಿಲ್ಲ ಕತಿಯಿಲ್ಲ. ಕಾಲೆಲ್ಲಾ ಕೆಸರು."

"ಎತ್ತಾಗ ಹೋದ್ಲು?"

"ಲಿಫ್ಟಿಗೂ ಹೋಗ್ಲಿಲ್ಲ, ಮೆಟ್ಲಾನೂ ಇಳೀಲಿಲ್ಲ."

ಮೈತ್ರೇಯಿಯವರಿಗೆ ದಿನಚರಿಯ ಆ ಸಾಲು ನೆನಪಾಯಿತು. ಬುರುಡೆಯನ್ನು ಅದರ ಊರಿಗೆ ಕಳಿಸಿಕೊಡಿ ಎಂದು ಅಂದೇ ಮ್ಯೂಸಿಯಮ್ಮಿಗೆ ಬರೆದರು. ಸಮಿತಿ ಕೂರಬೇಕು, ಹಳ್ಳಿಯ ಹೆಸರೂ ದಾಖಲೆಯಲ್ಲಿಲ್ಲ, ವರ್ಷಗಳೇ ಹಿಡಿಯಬಹುದು ಎಂದು ಉತ್ತರ ಬಂತು.

ಮರುದಿನ ಹಾಡಹಗಲೇ ಬೆಲ್ ಆಯಿತು. ಮೈತ್ರೇಯಿ ಚಿಲಕ ತೆಗೆದರು. ಮುದುಕಿ ನಿಂತಿದ್ದಳು. ಚಾಚಿದ ಅಂಗೈಯಲ್ಲಿ ಒದ್ದೆಯಾದ ಸಕ್ಕರೆ, ಅಷ್ಟೂ ಹಾಗೇ ಇತ್ತು. ಅವಳಿಗೆ ಬೇಕಾದದ್ದು ಅದಲ್ಲ.

ಹೆದರಿಕೆಯಲ್ಲಿ ಮೈತ್ರೇಯಿ ಬಾಯಿಗೆ ಬಂದದ್ದು ಅಂದುಬಿಟ್ಟರು: "ಬುರುಡಿ ನಾಳೆ ತಂದುಕೊಡ್ತೀನವ್ವಾ."

ಮುದುಕಿ ನಿಧಾನವಾಗಿ ತಲೆಯಾಡಿಸಿದಳು. ಆ ಮಾತನ್ನು ಅವಳು ಹಿಂದೆಯೂ ಕೇಳಿದ್ದಳು.